ಡಿಮೆನ್ಷಿಯಾಕ್ಕೆ ಕನ್ನಡದಲ್ಲಿ ಯಾವ ಪದ? ‘ಅರಳುಮರಳು’, ‘ಮರೆಗುಳಿತನ’, ‘ಬುದ್ಧಿಮಾಂದ್ಯ’ಗಳ ಬಗ್ಗೆ

ಮಾನ್ಯರೇ,

ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಒಂದು ಕಿರುಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. ನೆನಪು, ಯೋಚನಾಶಕ್ತಿಗಳು ಕ್ರಮೇಣ ಕುಂದುವ ಡಿಮೆನ್ಷಿಯಾಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕು ಎಂಬ ಪ್ರಶ್ನೆ ಮೊದಲ ಪುಟದಲ್ಲೇ ಎದುರಾಗಿದೆ. ಬಳಕೆಯಲ್ಲಿರುವ ಪದಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಯಾವುದಕ್ಕೂ ಮನಸ್ಸು ಪೂರ್ತಿಯಾಗಿ ಒಪ್ಪುತ್ತಿಲ್ಲ.

‘ಅರಳುಮರಳು’ ಎಲ್ಲರಿಗೂ ತಿಳಿದ ಪದ, ಅದರಲ್ಲಿ ಒಂದು ಬಗೆಯ ಸಲಿಗೆಯೂ ಇದೆ. ಆದರೆ ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯ ಜೊತೆಗೇ ಬೆಳೆದ ಈ ಪದವು, ವಯಸ್ಸಾದ ಮೇಲೆ ಹೀಗಾಗುವುದೇ ಸಹಜ, ಇದಕ್ಕೆ ವೈದ್ಯರೇಕೆ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ಡಿಮೆನ್ಷಿಯಾ ಮುಪ್ಪಿನ ಸಹಜ ಲಕ್ಷಣವಲ್ಲ. ಮಿದುಳಿನ ಬೇರೆಬೇರೆ ಕಾಯಿಲೆಗಳಿಂದ ಉಂಟಾಗುವ ಸ್ಥಿತಿ. ಅವುಗಳಲ್ಲಿ ಹೆಚ್ಚಾಗಿ ಕಂಡುಬರುವುದು ಅಲ್ಜೈಮರ್ಸ್. ಆ ಕಾಯಿಲೆಗೆ ಯಾರ ಹೆಸರನ್ನಿಟ್ಟಿದ್ದಾರೋ ಆ ಜರ್ಮನ್ ವೈದ್ಯ ಅಲೋಯಿಸ್ ಅಲ್ಜೈಮರ್ 1901ರಲ್ಲಿ ಪರೀಕ್ಷಿಸಿದ, ಈ ಕಾಯಿಲೆಯಿದ್ದ ಮಹಿಳೆಗೆ ಆಗ 51 ವರ್ಷ ಮಾತ್ರ. ಗಾದೆಯ ಲೆಕ್ಕ ಅಲ್ಲಿಯೇ ತಪ್ಪುತ್ತದೆ.

ಪತ್ರಿಕೆಗಳಲ್ಲಿ ‘ಮರೆಗುಳಿತನ’, ‘ಮರೆಗುಳಿ ಕಾಯಿಲೆ’ ಎಂಬ ಬಳಕೆ ಕಾಣುತ್ತದೆ. ಇದಕ್ಕೆ ನನ್ನ ಆಕ್ಷೇಪ ಎರಡು. ‘ಲಂಚಗುಳಿ’ಯಲ್ಲಿರುವಂತೆ ಇಲ್ಲಿಯೂ ‘ಗುಳಿ’ ಎಂಬುದು ಸ್ವಭಾವವನ್ನು, ಅಂಟಿಕೊಂಡ ಚಾಳಿಯನ್ನು ಹೇಳುತ್ತದೆ. ಕಾಯಿಲೆ ಬಿದ್ದವರ ಮೇಲೆ ನಡತೆಯ ದೋಷವನ್ನು ಹೊರಿಸಿದಂತಾಗುತ್ತದೆ. ಎರಡನೆಯದಾಗಿ, ಕುಂದುವುದು ನೆನಪು ಮಾತ್ರವಲ್ಲ. ನನ್ನ ತಂದೆಯವರಿಗೆ ವೈದ್ಯರು ಒಂದು ವೃತ್ತವನ್ನು ಕೊಟ್ಟು, ಅದರಲ್ಲಿ ಗಡಿಯಾರದಂತೆ ಅಂಕಿಗಳನ್ನು ಬರೆದು 11 ಗಂಟೆ 10 ನಿಮಿಷವನ್ನು ತೋರಿಸುವಂತೆ ಹೇಳಿದರು. ತಂದೆಯವರು 1ರಿಂದ 12ರವರೆಗಿನ ಅಂಕಿಗಳನ್ನು ಒಂದನ್ನೂ ಬಿಡದೆ, ಮುದ್ದಾದ ಅಕ್ಷರದಲ್ಲಿ ಬರೆದರು. ಆದರೆ ಅಷ್ಟೂ ಅಂಕಿಗಳು ವೃತ್ತದ ಬಲಗಡೆಯಲ್ಲೇ ಒತ್ತೊತ್ತಾಗಿ ಕುಳಿತವು, ಎಡಭಾಗ ಖಾಲಿ ಉಳಿಯಿತು. ಮುಳ್ಳುಗಳನ್ನು ಎಲ್ಲಿ ಎಳೆಯಬೇಕೆಂದು ತಿಳಿಯದೆ ಪೆನ್ಸಿಲನ್ನು ಕೆಳಗಿಟ್ಟರು. ಅವರು ಅಂಕಿಗಳನ್ನು ಮರೆತಿರಲಿಲ್ಲ. ಜಾಗದ ಅಂದಾಜು, ಮುಂದಾಲೋಚನೆ, ಒಂದು ಕೆಲಸವನ್ನು ಸಾಲಾಗಿ ನಡೆಸುವ ಶಕ್ತಿ, ಇವು ಕುಂದಿದ್ದವು. ‘ಮರೆವು’ ಎಂಬ ಬೇರಿನಿಂದ ಹುಟ್ಟಿದ ಯಾವ ಪದವೂ ಇದನ್ನು ಹೇಳಲಾರದು.

ಎಲ್ಲಕ್ಕಿಂತ ನೋವು ತರುವ ಪದ ‘ಬುದ್ಧಿಮಾಂದ್ಯ’. ಹುಟ್ಟಿನಿಂದಲೋ ಎಳವೆಯಿಂದಲೋ ಬುದ್ಧಿಯ ಬೆಳವಣಿಗೆ ಕುಂಠಿತವಾದ ಸ್ಥಿತಿಗೆ ಸಲ್ಲುತ್ತಿದ್ದ ಈ ಪದವನ್ನು, ಪೂರ್ತಿಯಾಗಿ ಬೆಳೆದು ಬಾಳಿದ ಬುದ್ಧಿ ಕ್ರಮೇಣ ಸವೆಯುವುದಕ್ಕೆ ಅನ್ವಯಿಸುವುದು ಅರ್ಥದ ದೃಷ್ಟಿಯಿಂದಲೇ ತಪ್ಪು. ತಂದೆಯವರ ಆ ಪರೀಕ್ಷೆಯ ದಿನವೇ ನಮಗೆ ಸಿಕ್ಕ ಒಂದು ಕರಪತ್ರದಲ್ಲಿ ಈ ಪದವಿತ್ತು. 30 ವರ್ಷ ಲೆಕ್ಕಪತ್ರ ಬರೆದ ತಂದೆಯವರು ಅದನ್ನು ನಿಧಾನವಾಗಿ ಓದಿ, ಆ ಪದದ ಮೇಲೆ ಬೆರಳಿಟ್ಟು, “ಅಂದರೆ ನಾನು ದಡ್ಡನೇನಪ್ಪಾ?” ಎಂದು ನನ್ನನ್ನು ಕೇಳಿದರು. ಈ ಪತ್ರವನ್ನು ಬರೆಯಲು ಕಾರಣವೇ ಆ ಪ್ರಶ್ನೆ.

ಇಲ್ಲಿ ಇನ್ನೆರಡು ಪದಗಳನ್ನೂ ಗಮನಿಸಬೇಕು. ಸೋಂಕು, ನಿರ್ಜಲೀಕರಣ ಅಥವಾ ಔಷಧಗಳ ಅಡ್ಡಪರಿಣಾಮದಿಂದ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಹಠಾತ್ತನೆ ತಲೆದೋರುವ ಗೊಂದಲ, ಬಡಬಡಿಕೆಗಳಿಗೆ ನಮ್ಮ ಹಳೆಯ ‘ಸನ್ನಿ’ ತಕ್ಕ ಪದವೆಂದೇ ನನ್ನ ಅಭಿಪ್ರಾಯ. ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಇನ್ನು ‘ಮಂಕು ಕವಿದಿದೆ’ ಎಂದು ನಾವು ಹೇಳುವುದು ಹಲವು ಬಾರಿ ಖಿನ್ನತೆಯಾಗಿರುತ್ತದೆ. ಖಿನ್ನತೆಯಲ್ಲಿರುವ ಹಿರಿಯರು ತಮಗೆ ಏನೂ ನೆನಪಿರುವುದಿಲ್ಲವೆಂದು ತಾವೇ ದೂರುವುದುಂಟು. ಡಿಮೆನ್ಷಿಯಾದಲ್ಲಿ ಸಾಮಾನ್ಯವಾಗಿ ದೂರುವವರು ಮನೆಯವರು. ಸನ್ನಿ, ಖಿನ್ನತೆ ಎರಡೂ ಚಿಕಿತ್ಸೆಯಿಂದ ಇಳಿಯಬಲ್ಲವು. ಮೂರನ್ನೂ ‘ಅರಳುಮರಳು’ ಎಂಬ ಒಂದೇ ಚೀಲಕ್ಕೆ ತುಂಬಿದರೆ ವಾಸಿಯಾಗುವ ಕಾಯಿಲೆಯೂ ಹಾಗೆಯೇ ಉಳಿದುಹೋಗುತ್ತದೆ.

ಜಪಾನಿನಲ್ಲಿ ಡಿಮೆನ್ಷಿಯಾಕ್ಕೆ ಬಳಕೆಯಲ್ಲಿದ್ದ ‘ಚಿಹೋ’ ಎಂಬ ಪದದಲ್ಲಿ ದಡ್ಡತನದ ಅರ್ಥವಿದ್ದುದರಿಂದ, 2004ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟು, ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂಬರ್ಥದ ‘ನಿನ್ಚಿಶೋ’ ಎಂಬ ಪದವನ್ನು ತಂದಿತು. ಈಗ ಜನರ ಮಾತಿನಲ್ಲೂ ಅದೇ ನೆಲೆಸಿದೆ. ಪದವನ್ನು ಬದಲಿಸುವುದು ಆಗದ ಕೆಲಸವಲ್ಲ.

ನನಗೆ ಹೊಳೆದಿರುವುದು ‘ಅರಿವುಗುಂದುವಿಕೆ’. ‘ಎದೆಗುಂದು’ ಎಂಬುದರ ಜಾಡಿನಲ್ಲೇ ಇದು ಕಿವಿಗೆ ಒಗ್ಗುತ್ತದೆ. ‘ಅರಿವುಗುಂದಿದವರು’ ಎಂದಾಗ ಅವಹೇಳನವೂ ತೋರುವುದಿಲ್ಲ. ‘ಅರಿವಳಿಕೆ’ ಶಸ್ತ್ರಚಿಕಿತ್ಸೆಯ ಪದವಾಗಿ ಆಗಲೇ ನೆಲೆಗೊಂಡಿರುವುದರಿಂದ ಅದನ್ನು ಮುಟ್ಟುವಂತಿಲ್ಲ. ತೊಡಕೂ ಇದೆ: ‘ಅರಿವು’ ಇಂದು ‘ಜಾಗೃತಿ’ ಎಂಬರ್ಥದಲ್ಲೂ ಧಾರಾಳವಾಗಿ ಬಳಕೆಯಾಗುತ್ತಿದೆ, ಅಲ್ಲದೆ ಕೆಲವರಿಗೆ ‘ಅರಿವುಗುಂದು’ ಎಂದೊಡನೆ ಪ್ರಜ್ಞೆ ತಪ್ಪುವುದು ನೆನಪಾಗಬಹುದು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಪದ ಓದುವವರಿಗೆ ವಿವರಣೆಯಿಲ್ಲದೆ ತಿಳಿದೀತೇ, ಅಥವಾ ‘ಡಿಮೆನ್ಷಿಯಾ’ ಎಂದೇ ಬರೆದು ಒಂದು ವಾಕ್ಯದ ವಿವರಣೆ ಕೊಡುವುದು ಮೇಲೇ? ದಿನನಿತ್ಯದ ಕೆಲಸಗಳಿಗೆ ಅಡ್ಡಿಯಾಗದಷ್ಟು ಅರಿವು ತುಸುವೇ ಕುಂದಿದ ಮೊದಲ ಹಂತಕ್ಕೆ ಬೇರೆ ಪದ ಬೇಕೇ? ‘ಅರಳುಮರಳು’ ಅಲ್ಲದೆ ತಮ್ಮ ಮನೆಗಳಲ್ಲಿ ಹಿರಿಯರ ಎದುರಿನಲ್ಲೇ ಸಂಕೋಚವಿಲ್ಲದೆ ಆಡಬಹುದಾದ ಮಾತೊಂದಿದ್ದರೆ, ಅದು ಯಾವ ಸೀಮೆಯದಾಗಿದ್ದರೂ, ಬಳಸುವ ಸಂದರ್ಭದೊಂದಿಗೆ ದಯವಿಟ್ಟು ತಿಳಿಸಿ.