ಬೋನ್ಸಾಯ್, ಸ್ಟ್ರ್ಯಾಟಿಫಿಕೇಶನ್, ಡ್ಯಾಂಪಿಂಗ್ ಆಫ್: ಫಲಕಕ್ಕೆ ಕನ್ನಡ ಬೇಕು, ತುರ್ತು

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಫಲಪುಷ್ಪ ಪ್ರದರ್ಶನದಲ್ಲಿ, ಬೀಜ ಹಾಕಿ ಬೋನ್ಸಾಯ್ (ಕುಂಡದಲ್ಲೇ ಚಿಕ್ಕದಾಗಿ ಉಳಿಸಿಕೊಳ್ಳುವ ಮರ) ಬೆಳೆಸುವ ಕ್ರಮವನ್ನು ಹೊಸಬರಿಗೆ ತೋರಿಸುವ ಮಳಿಗೆ ಹಾಕುತ್ತಿದ್ದೇವೆ. ಫ್ಲೆಕ್ಸ್ ಮಾಡುವವರು ನಾಳೆ ಸಂಜೆಯೊಳಗೆ ಬರಹ ಕೊಡಿ ಅಂದಿದ್ದಾರೆ. ಮೂರು ಕಡೆ ತಡೆದು ನಿಂತಿದ್ದೇನೆ. ಬೋನ್ಸಾಯ್‌ಗೆ 'ಕುಬ್ಜವೃಕ್ಷ' ಆದೀತೇ? ಮೇಪಲ್, ಪೈನ್ ಬೀಜಗಳನ್ನು ಬಿತ್ತುವ ಮೊದಲು ಒದ್ದೆ ಮರಳಿನಲ್ಲಿ ಹುದುಗಿಸಿ ಫ್ರಿಜ್‌ನಲ್ಲಿಡುವ ಸ್ಟ್ರ್ಯಾಟಿಫಿಕೇಶನ್‌ಗೆ 'ಸ್ತರೀಕರಣ' ಅಂತ ಸಿಕ್ಕಿತು. ಓದಿದವರಿಗೆ ಏನೂ ಹೊಳೆಯುವುದಿಲ್ಲ. ಎಳೆ ಸಸಿ ಬುಡದಲ್ಲಿ ಕೊಳೆತು ಮಗುಚಿಕೊಳ್ಳುವ ಡ್ಯಾಂಪಿಂಗ್ ಆಫ್‌ಗೆ ಏನು ಬರೆಯಲಿ? ದಯವಿಟ್ಟು ಬೇಗ ತಿಳಿಸಿ.

ಹೊನ್ನಾವರದಿಂದ:

ಮೊದಲು ಕಾಗುಣಿತ ಸರಿಪಡಿಸಿ. 'ಬೋ' ಅಲ್ಲ, 'ಬೊ'. ಜಪಾನಿಯಲ್ಲಿ ಅದು ಹ್ರಸ್ವ. ಹಿಂದಿ, ಮರಾಠಿಯಲ್ಲಿ ಹ್ರಸ್ವ ಒಕಾರಕ್ಕೆ ಅಕ್ಷರವಿಲ್ಲ, ಅವರು ಬೋ ಎಂದೇ ಬರೆಯಬೇಕು. ನಮಗೆ ಒ, ಓ ಎರಡೂ ಇರುವಾಗ ಅವರ ಕೊರತೆಯನ್ನು ನಾವು ಹೊರುವುದೇಕೆ? ಕೊನೆಯಲ್ಲಿಯೂ ವ್ಯಂಜನ ಬಿಡಬೇಡಿ. ಪಪ್ಪಾಯಿಯ ಹಾಗೆ ಬೊನ್ಸಾಯಿ. ಆಗ ಬೊನ್ಸಾಯಿಗೆ, ಬೊನ್ಸಾಯಿಯ ಎಂದು ವಿಭಕ್ತಿ ಸಲೀಸಾಗಿ ಹತ್ತುತ್ತದೆ. ಉಳಿದೆರಡರ ಬಗ್ಗೆ ನನ್ನಲ್ಲಿ ಹೇಳುವುದೇನಿಲ್ಲ.

ಧಾರವಾಡದಿಂದ:

ಕುಬ್ಜ ಸಂಸ್ಕೃತ, ವೃಕ್ಷ ಸಂಸ್ಕೃತ. ಯಾರಾದರೂ 'ವಾಮನವೃಕ್ಷ' ಹಿಡಿದು ಬರುವ ಮೊದಲೇ ಹೇಳಿಬಿಡುತ್ತೇನೆ, ಅದು ಮರಾಠಿಯವರು ಕಟ್ಟಿಕೊಂಡದ್ದು, ನಮಗೆ ಬೇಡ. 'ಬೊನ್' ಎಂದರೆ ಆಳವಿಲ್ಲದ ಅಗಲ ಪಾತ್ರೆ, 'ಸಾಯ್' ಎಂದರೆ ನೆಡುವುದು. ಅಂಥ ಪಾತ್ರೆಗೆ ಕನ್ನಡದಲ್ಲಿ ಹರಿವಾಣ ಇದೆ, ಹಳಗನ್ನಡದ ಪರಿಯಣ. ಆದ್ದರಿಂದ 'ಹರಿವಾಣಮರ'. ಮೂಲದ ಅರ್ಥವೂ ಉಳಿಯಿತು, ಅಚ್ಚಗನ್ನಡವೂ ಆಯಿತು. ಇದಕ್ಕಿಂತ ಒಳ್ಳೆಯ ಪದ ಸಿಗದು.

ಕಾರವಾರದಿಂದ:

ಮಾಸ್ತರೇ, ನಮ್ಮಲ್ಲಿ ಹರಿವಾಣ ಅಂದರೆ ದೇವರ ಮುಂದೆ ಹಣ್ಣುಕಾಯಿ ಇಡುವುದು. ಅದರಲ್ಲಿ ಮಣ್ಣು ತುಂಬಿ ಮರ ನೆಡಿ ಅಂದರೆ ಯಾರೂ ಒಪ್ಪುವುದಿಲ್ಲ. ಅದೂ ಅಲ್ಲದೆ ಹರಿವಾಣದ ತಳಕ್ಕೆ ತೂತು ಇರುವುದಿಲ್ಲ. ತೂತಿಲ್ಲದ ಪಾತ್ರೆಯಲ್ಲಿ ಈ ಗಿಡ ಬದುಕುವುದಿಲ್ಲ. ಪದ ತಿರಸ್ಕೃತ.

ಧಾರವಾಡದಿಂದ:

ಪದಕ್ಕೆ ತೂತು ಬೇಕಿಲ್ಲ. 'ಕುಂಡ'ದ ಹಿಂದೆ ಹೋಗುವುದಾದರೆ ಹೋಗಿ, ಅದೂ ಸಂಸ್ಕೃತವೇ.

ಹೊನ್ನಾವರದಿಂದ:

ಕುಂಡಕ್ಕೂ ನಮ್ಮ ಗುಂಡಿಗೂ ನಂಟು ಹೇಳಿದ ಭಾಷಾಶಾಸ್ತ್ರಜ್ಞರಿದ್ದಾರೆ. ಸಂಸ್ಕೃತಕ್ಕೆ ದ್ರಾವಿಡದಿಂದ ಹೋದ ಪದಗಳ ಪಟ್ಟಿಯನ್ನು ಒಮ್ಮೆ ನೋಡಿ, ಆಮೇಲೆ ಅಪ್ಪಣೆ ಕೊಡಿಸಿ.

ಶಿರಸಿಯಿಂದ:

ಹಿರಿಯರೇ, ಎರಡನೆಯ ಮತ್ತು ಮೂರನೆಯ ಪದ ಹಾಗೇ ಉಳಿದಿವೆ. ನಾಳೆ ಸಂಜೆ ಗಡುವು.

ಕುಮಟಾದಿಂದ:

ನಾನು ನರ್ಸರಿ ನಡೆಸುವವಳು, ವ್ಯಾಕರಣದ ತಕರಾರಿಗೆ ಬರುವುದಿಲ್ಲ. ಆದರೆ 'ಕುಬ್ಜ' ಎಂಬ ಮಾತನ್ನು ಫಲಕದಿಂದ ತೆಗೆಯಲೇಬೇಕು, ಮತ್ತು ಅದು ಸಂಸ್ಕೃತ ಎಂಬ ಕಾರಣಕ್ಕಲ್ಲ. ಶಿರಸಿಯ ತೋಟಿಗರಿಗೆ ಕುಬ್ಜ, ಗಿಡ್ಡ ಅಂದರೆ ತಳಿ. ಹಿರೇಹಳ್ಳಿ ಕುಬ್ಜ ಎಂಬ ಅಡಿಕೆ ಹುಟ್ಟಿನಿಂದಲೇ ಗಿಡ್ಡ, ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅದನ್ನು ಬೇರೆ ತಳಿಗಳೊಂದಿಗೆ ಸಂಕರಿಸಿ ಗಿಡ್ಡ ಅಡಿಕೆಗಳನ್ನೇ ತೆಗೆದಿದ್ದಾರೆ. ಗಿಡ್ಡತನ ಬೀಜದಲ್ಲೇ ಇದೆ. ಬೊನ್ಸಾಯಿ ಹಾಗಲ್ಲ. ಕುಂಡದಲ್ಲಿರುವ ಹುಣಸೆಯ ಬೀಜವನ್ನು ತಂದು ಬೇಲಿಯ ಬದಿಗೆ ಹಾಕಿದರೆ ಅದು ಎಲ್ಲ ಹುಣಸೆಗಳ ಹಾಗೆ ದೊಡ್ಡ ಮರವೇ ಆಗುತ್ತದೆ. ಬೊನ್ಸಾಯಿ ಎಂಬ ತಳಿ ಇಲ್ಲ, ಬೊನ್ಸಾಯಿ ಬೀಜ ಎಂಬುದೂ ಇಲ್ಲ. ಹೀಗಿದ್ದೂ ಆನ್‌ಲೈನಿನಲ್ಲಿ ಅದೇ ಹೆಸರಿನ ಪೊಟ್ಟಣ ಮಾರುತ್ತಾರೆ, ಜನ ದುಡ್ಡು ಸುರಿಯುತ್ತಾರೆ. ನಿಮ್ಮ ಫಲಕದಲ್ಲಿ ಕುಬ್ಜವೃಕ್ಷ ಅಂತ ಬಂತೋ, 'ಕುಬ್ಜದ ಬೀಜ ಇದೆಯೇ' ಎಂದು ನನ್ನ ಬಾಗಿಲಿಗೆ ಬರುವವರ ಸಾಲು ಇನ್ನೂ ಉದ್ದವಾಗುತ್ತದೆ.

ಇನ್ನೊಂದು ಕೇಡು ಇದೆ. ಕುಬ್ಜ ಅಂದ ಕೂಡಲೆ ಹೊಸಬರು ನಾಲ್ಕೆಲೆ ಬಿಟ್ಟ ಸಸಿಯನ್ನು ಒಯ್ದು ತಟ್ಟೆಯಂಥ ಕುಂಡದಲ್ಲಿ ಕೂರಿಸುತ್ತಾರೆ. ಕಾಂಡ ಕಡ್ಡಿಯಾಗಿಯೇ ಉಳಿಯುತ್ತದೆ. ಬೀಜದಿಂದ ಮಾಡುವವರು ಮೊದಲ ಕೆಲವು ವರ್ಷ ಗಿಡವನ್ನು ನೆಲದಲ್ಲೋ ದೊಡ್ಡ ಕುಂಡದಲ್ಲೋ ದಂಡಿಯಾಗಿ ಬೆಳೆಯಲು ಬಿಡಬೇಕು. ಬುಡ ದಪ್ಪವಾಗುವುದು ಆಗಲೇ. ಎಳೆಯದರಲ್ಲೇ ತಾಯಿಬೇರು ಕತ್ತರಿಸಿದರೆ ಪಕ್ಕದ ಬೇರು ಸುತ್ತಲೂ ಹರಡುತ್ತವೆ. ಗಿಡ್ಡ ಮಾಡುವ ಕೆಲಸ, ಕುಡಿ ಚಿವುಟುವುದು, ತಂತಿ ಸುತ್ತುವುದು, ಎಲ್ಲ ಆಮೇಲಿನದು. ಆದ್ದರಿಂದ ಬೊನ್ಸಾಯಿ ಎಂದೇ ಬರೆಯಿರಿ, ಕೆಳಗೆ 'ಕುಂಡದಲ್ಲಿ ಪಳಗಿಸಿದ ಮರ' ಎಂದು ಹಾಕಿ. ನೀವು ತೋರಿಸುವುದು ಕಸಿಯಲ್ಲವಾದ್ದರಿಂದ ತಲೆಬರಹದಲ್ಲಿ 'ಬೀಜದ ಗಿಡದಿಂದ' ಎಂಬುದೂ ಇರಲಿ. ಬೀಜದ ಗಿಡ, ಕಸಿ ಗಿಡ, ಈ ಭೇದ ಇಲ್ಲಿ ಎಲ್ಲರಿಗೂ ಗೊತ್ತು.

ಸ್ತರೀಕರಣ ಬೇಡ. ಹಿಂದೆ ಮರಳು, ಬೀಜ, ಮರಳು ಎಂದು ಪದರ ಪದರವಾಗಿ ಇಡುತ್ತಿದ್ದರಂತ ಇಂಗ್ಲಿಷಿನವರಿಗೆ ಆ ಹೆಸರು ಬಂತು. ಕೆಲಸ ಮಾಡುವುದು ತಂಪು, ಪದರವಲ್ಲ. 'ಬೀಜ ತಂಪಿಗಿಡುವುದು' ಎನ್ನಿ. ಸುಮಾರು 4 ಡಿಗ್ರಿಯಲ್ಲಿ ಎರಡು ಮೂರು ತಿಂಗಳು, ಫ್ರೀಜರಿನಲ್ಲಲ್ಲ ಎಂದೂ ಬರೆಯಿರಿ. ಶಿರಸಿಯ ಚಳಿ ಅದಕ್ಕೆ ಸಾಲದು. ಏಕೆ ಹಾಗೆ ಎಂದು ಕೇಳಿದರೆ, ಕೆಲವು ಬೀಜ ಎಚ್ಚರಿಸದೆ ಬೇಗ ಮೊಳೆಯುವುದಿಲ್ಲ ಎನ್ನಿ, ನಮ್ಮ ಕಾಡಿನ ಹುಳಿಹಣ್ಣು ಉಪ್ಪಾಗೆಯ ಉದಾಹರಣೆ ಕೊಡಿ. ಹಾಗೇ ನೆಟ್ಟರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಬೀಜದ ಸಿಪ್ಪೆ ಸುಲಿದು ನೆಟ್ಟರೆ ಬೇಗ ಏಳುತ್ತದೆ. ಮೇಪಲ್‌ಗೆ ಬೇಕಾದದ್ದು ಸಿಪ್ಪೆ ಸುಲಿಯುವುದಲ್ಲ, ತಂಪು, ಅಷ್ಟೇ. ನನ್ನನ್ನು ಕೇಳಿದರೆ ಹೊಸಬರಿಗೆ ಮೇಪಲ್ಲೇ ಬೇಡ. ಹುಣಸೆಬೀಜ ರಾತ್ರಿ ನೆನೆಸಿ ಹಾಕಲಿ. ಅತ್ತಿ, ಗೋಳಿಯ ಬೀಜವಾದರೆ ಸಾಸಿವೆಗಿಂತ ಸಣ್ಣದು, ಮಣ್ಣು ಮುಚ್ಚದೆ ಮೇಲೆ ಉದುರಿಸಲಿ. ಚಿರೇಕಲ್ಲಿನ ಗೋಡೆಯ ಸಂದಿಯಲ್ಲಿ ಹಕ್ಕಿ ಹಾಕಿದ್ದೇ ಮೊಳೆಯುವ ಮರ ಅದು.

ಧಾರವಾಡದಿಂದ:

ಅಕ್ಕನವರ ತೋಟಗಾರಿಕೆಗೆ ನಮಸ್ಕಾರ. ಆದರೆ ಪರದೇಶದ ಪದವನ್ನು ಹಾಗೇ ಇಟ್ಟುಕೊಳ್ಳಿ ಎಂಬುದು ಸೋಮಾರಿತನ. ಹೀಗೇ ಹೋದರೆ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಕನ್ನಡದ್ದಾಗಿರುತ್ತದೆ.

ಕಾರವಾರದಿಂದ:

ಬಸ್‌ಸ್ಟ್ಯಾಂಡಿನಿಂದ ತಾವು ಹತ್ತುವ ರಿಕ್ಷಾ ಜಪಾನಿನದೇ. ನಮ್ಮ ಕಡೆಯ ಬಟಾಟೆ ಪೋರ್ತುಗೀಜರ ಬಾಯಿಂದ ಬಂದದ್ದು, ಚಾವಿ ಕೂಡ. ಅವನ್ನು ಬಿಟ್ಟು ಒಂದು ದಿನ ಮನೆ ನಡೆಸಿ ತೋರಿಸಿ. ಬೊನ್ಸಾಯಿಯಾದರೂ ಜಪಾನಿನ ಸ್ವಂತದ್ದೇ? ಅದೇ ಎರಡು ಲಿಪಿಚಿಹ್ನೆಗಳು ಚೀನಾದಿಂದ ಹೋದವು. ಪದದ ಜೊತೆ ವಿದ್ಯೆಯನ್ನೂ ತಂದುಕೊಂಡರು, ಬೆಳೆಸಿದರು. ಅವರ ಭಾಷೆ ಮುಳುಗಲಿಲ್ಲ.

ಹೊನ್ನಾವರದಿಂದ:

ಕೊಡುವುದೂ ಇದೆ, ಬರೀ ತರುವುದಲ್ಲ. ಕಾಫಿಯ ಎಲೆ ಕಪ್ಪಾಗಿ ಕೊಳೆಯುವ ರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರು 'ಕೊಲೆರೋಗ ನಾಕ್ಸಿಯಾ'. ನಮ್ಮ ಕೊಳೆರೋಗವೇ ಅದು. ಆದ್ದರಿಂದ ಮೂರನೆಯ ಪ್ರಶ್ನೆಗೆ 'ಕೊಳೆರೋಗ' ಎಂದು ಕಣ್ಣು ಮುಚ್ಚಿ ಬರೆಯಬಹುದು.

ಕುಮಟಾದಿಂದ:

ಬರೆಯಬೇಡಿ. ಶಿರಸಿಯಲ್ಲಿ ಕೊಳೆ ಅಂದರೆ ಅಡಿಕೆಯ ಕೊಳೆ, ಮೈಲುತುತ್ತ, ಸುಣ್ಣದ ಬೋರ್ಡೋ ಮಿಶ್ರಣ ಹೊಡೆಯುವುದು, ಅದೇ ಮನಸ್ಸಿಗೆ ಬರುವುದು. ಇದು ಬೇರೆ. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಎಲೆ ಇನ್ನೂ ಹಸಿರು. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಾಂಡ ಕಂದಾಗಿ, ಉಗುರಲ್ಲಿ ಹಿಸುಕಿದ ಹಾಗೆ ನೂಲಾಗಿರುತ್ತದೆ. ಕೃಷಿ ಕರಪತ್ರಗಳಲ್ಲಿ ಇದನ್ನು 'ಸಸಿ ಸಾಯುವ ರೋಗ' ಎನ್ನುತ್ತಾರೆ. ಅದನ್ನೇ ಹಾಕಿ. ಜೊತೆಗೆ, ನೀರು ಕಮ್ಮಿ, ಗಾಳಿ ಜಾಸ್ತಿ, ಮಳೆಹನಿ ನೇರ ಬೀಳದಂತೆ ಮರೆ, ಎಂದು ಒಂದು ಸಾಲು.

ಶಿರಸಿಯಿಂದ:

ತುಂಬಾ ಉಪಕಾರವಾಯಿತು ಅಕ್ಕಾ. ಬರಹ ಹೀಗಿದೆ: 'ಬೀಜದ ಗಿಡದಿಂದ ಬೊನ್ಸಾಯಿ: ಕುಂಡದಲ್ಲಿ ಪಳಗಿಸಿದ ಮರ. ಹುಣಸೆಬೀಜವನ್ನು ಒಂದು ರಾತ್ರಿ ನೆನೆಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ. ಚಳಿನಾಡಿನ ಬೀಜವಾದರೆ ಮೊದಲು ತಂಪಿಗಿಡಿ. ನೀರು ಹೆಚ್ಚಾದರೆ ಸಸಿ ಸಾಯುವ ರೋಗ ಬರುತ್ತದೆ.' ಧಾರವಾಡದವರ ಹರಿವಾಣಮರವನ್ನು ಕೈಬಿಟ್ಟಿದ್ದೇನೆ, ಬೇಸರ ಬೇಡ.

ಧಾರವಾಡದಿಂದ:

ಬೇಸರ ಇದೆ. 'ರೋಗ'ವೂ ಸಂಸ್ಕೃತ.

ಕುಮಟಾದಿಂದ:

'ಮರಳು' ಅಂತಷ್ಟೇ ಬಿಡಬೇಡಿ, 'ಹೊಳೆ ಮರಳು' ಎಂದು ತಿದ್ದಿ. ಕಾರವಾರ, ಅಂಕೋಲೆಯಿಂದ ಬಂದವರು ಮನೆಗೆ ಹೋಗಿ ಸಮುದ್ರದ ಮರಳು ತುಂಬುತ್ತಾರೆ. ಉಪ್ಪಿಗೆ ಬೇರು ಸುಡುತ್ತದೆ.