ಟ್ರೇಲರ್ ಕಟ್ಟಿದರೆ ಟ್ರಕ್ಕಿನ ಮೂತಿ ಮೇಲೇಳುತ್ತೆ, ಹಿಚ್ ಸರಿಯಾಗಿ ಕೂತಿಲ್ವಾ?

ಪ್ಲೇನೋ_ಪಯಣಿಗ

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೇವೆ. ಮೂರು ತಿಂಗಳ ಹಿಂದೆ 26 ಅಡಿಯ ಟ್ರಾವೆಲ್ ಟ್ರೇಲರ್ ತೆಗೆದುಕೊಂಡೆವು. ಎಳೆಯೋಕೆ ನಮ್ಮ ಫೋರ್ಡ್ ಎಫ್-150 ಇದೆ. ಟ್ರೇಲರ್ ಮಾರಿದವರೇ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೇಲರನ್ನು ಟ್ರಕ್ಕಿಗೆ ಜೋಡಿಸಿ ಭಾರ ಹಂಚುವ ಸಾಧನ) ಹಾಕಿಕೊಟ್ಟರು. ಎರಡು ಸ್ಪ್ರಿಂಗ್ ಬಾರ್, ಎರಡು ಚೈನ್ ಇರುವ ಮಾಮೂಲಿ ತರಹದ್ದು. ಚೈನ್ ಎಲ್ಲಿಗೆ ಸಿಕ್ಕಿಸಬೇಕು ಅಂತ ಹತ್ತು ನಿಮಿಷ ತೋರಿಸಿದರು, ಅಷ್ಟೇ.

ಮೊದಲ ಟ್ರಿಪ್ ಪಾಲೋ ಡ್ಯೂರೋ ಕ್ಯಾನ್ಯನ್‌ಗೆ. ಹೈವೇ 287ರಲ್ಲಿ ವಿಚಿಟಾ ಫಾಲ್ಸ್ ದಾಟುವವರೆಗೆ ಪರವಾಗಿರಲಿಲ್ಲ. ಆಮೇಲೆ ಬಯಲು ಶುರುವಾಯಿತು, ಗಾಳಿಯೂ ಶುರುವಾಯಿತು. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಮೊದಲು ಆಚೆ ತಳ್ಳುತ್ತೆ, ಆಮೇಲೆ ಈಚೆ ಎಳೆಯುತ್ತೆ, ಲಾರಿ ಮುಂದೆ ಹೋದ ಮೇಲೂ ಟ್ರೇಲರ್ ಎರಡು ಮೂರು ಸಲ ಬಾಲ ಆಡಿಸುತ್ತೆ. ಸ್ಟೀರಿಂಗ್ ಕೈಯಲ್ಲಿ ತೀರಾ ಹಗುರ. ಮುಂದಿನ ಚಕ್ರ ನೆಲ ಕಚ್ಚಿಕೊಂಡಿದೆ ಅಂತ ಅನ್ನಿಸೋದೇ ಇಲ್ಲ. ಕತ್ತಲಾದ ಮೇಲೆ ಎದುರಿಂದ ಬರುವವರೆಲ್ಲ ಲೈಟ್ ಹೊಡೆಯತೊಡಗಿದರು. ನಾನು ಹೈ ಬೀಮ್ ಹಾಕಿರಲೇ ಇಲ್ಲ, ಟ್ರಕ್ಕಿನ ಮೂತಿಯೇ ಮೇಲೆದ್ದಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು ಮಲಗಿದ್ದರು. ಕ್ಯಾನ್ಯನ್ ಒಳಗೆ ಇಳಿಯುವ ದಾರಿ 10 ಪರ್ಸೆಂಟ್ ಇಳಿಜಾರು. ಅಲ್ಲಿ ಲೋ ಗೇರಿನಲ್ಲಿ ಇಳಿಸುವಾಗ ನನ್ನ ಅಂಗೈ ಪೂರ್ತಿ ಒದ್ದೆ.

ವಾಪಸ್ ಬಂದು ಫೋನ್ ಮಾಡಿದರೆ ಮಾರಿದವರು ಹೇಳಿದ್ದು, "ಚೈನ್ ಇನ್ನೆರಡು ಕೊಂಡಿ ಬಿಗಿ ಮಾಡಿ, ಸರಿಹೋಗುತ್ತೆ" ಅಂತ. ಇದು ಸರಿಯಾ? ಅನುಭವ ಇರುವವರು ದಯವಿಟ್ಟು ಹೇಳಿ. ಮತ್ತೆ ಕುಟುಂಬವನ್ನು ಕೂರಿಸಿಕೊಂಡು ಹೊರಡುವ ಮೊದಲು ಇದನ್ನು ಸರಿ ಮಾಡಲೇಬೇಕು.

ಮಂಡ್ಯ_ಟು_ಹ್ಯೂಸ್ಟನ್

ಸದ್ಯಕ್ಕೆ ಚೈನ್ ಮುಟ್ಟಬೇಡಿ ಸರ್. ಮೊದಲು ಅಳತೆ, ಆಮೇಲೆ ಬಿಗಿ ಮಾಡೋದು.

ನಮ್ಮಪ್ಪ ಕಬ್ಬಿನ ಗಾಡಿ ತುಂಬುವಾಗ ಒಂದು ಹೊರೆ ಹಾಕಿದರೆ ಒಂದು ಸಲ ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. ಭಾರ ಮುಂದಕ್ಕೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಎತ್ತಿಗೆ ಕಾಲೂರೋಕೆ ಆಗಲ್ಲ. ಟ್ರೇಲರ್ ಲೆಕ್ಕವೂ ಹೆಚ್ಚು ಕಡಿಮೆ ಅದೇ. ಟ್ರೇಲರ್ ಮೂಗು ಹಿಚ್ಚಿನ ಬಾಲ್ (ಉಕ್ಕಿನ ಗುಂಡು) ಮೇಲೆ ಒತ್ತುವ ತೂಕಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಸಾಮಾನೆಲ್ಲ ತುಂಬಿದ ಟ್ರೇಲರ್ ತೂಕದಲ್ಲಿ ಅದು 10ರಿಂದ 15 ಪರ್ಸೆಂಟ್ ಇರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸುತ್ತದೆ. ಸರಿಯಾಗಿದ್ದರೂ ಆ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬೀಳುತ್ತದೆ ಅಲ್ವಾ, ಹಾಗಾಗಿ ಟ್ರಕ್ಕಿನ ಹಿಂಬದಿ ಕುಸಿದು ಮುಂಬದಿ ಏಳುತ್ತದೆ. ಸ್ಪ್ರಿಂಗ್ ಬಾರ್ ಕೆಲಸ ಇಲ್ಲಿ. ಹಾರೆ ಕೊಟ್ಟು ಮೀಟಿದ ಹಾಗೆ ಅದು ಆ ಜಾಗವನ್ನು ಮೇಲಕ್ಕೆ ಒತ್ತಿ, ಸ್ವಲ್ಪ ಭಾರ ಟ್ರಕ್ಕಿನ ಮುಂದಿನ ಚಕ್ರಕ್ಕೂ ಸ್ವಲ್ಪ ಟ್ರೇಲರ್ ಚಕ್ರಕ್ಕೂ ಕಳಿಸುತ್ತದೆ.

ನಿಮಗೆ ತೊಂದರೆ ಎರಡಿದೆ, ಬೇರೆ ಬೇರೆ. ಮೂತಿ ಏಳೋದು ಒಂದು, ಬಾಲ ಆಡಿಸೋದು ಇನ್ನೊಂದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರದ ಮಧ್ಯಕ್ಕೆ ಸರಿಯಾಗಿ ಫೆಂಡರ್ ಅಂಚಿನಿಂದ ನೆಲದವರೆಗೆ ಟೇಪ್ ಹಿಡಿಯಿರಿ. ಟ್ರೇಲರ್ ಇಲ್ಲದೆ ಒಂದು ಸಲ, ಕಟ್ಟಿ ಬಾರ್ ಹಾಕದೆ ಒಂದು ಸಲ, ಬಾರ್ ಹಾಕಿ ಒಂದು ಸಲ. ಮೂರೂ ಬರೆದು ಇಲ್ಲಿ ಹಾಕಿ. ಬಾಲ್ ಕೂತಿರುವ ಹಿಚ್ ತಲೆಯ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಅದರಲ್ಲಿ ಏನಿದೆ ಅಂತಲೂ ಹೇಳಿ. ಮತ್ತೆ ಟ್ರೇಲರ್ ಹಿಂಬದಿಗೆ ಏನಾದರೂ ನೇತುಹಾಕಿದ್ದಿರಾ?

ಪ್ಲೇನೋ_ಪಯಣಿಗ

ಬೆಳಿಗ್ಗೆ ಎದ್ದು ಮೊದಲ ಕೆಲಸ ಅದೇ ಮಾಡಿದೆ. ಟ್ರಕ್ ಒಂದೇ ಇದ್ದಾಗ 38 ಕಾಲು ಇಂಚು. ಟ್ರೇಲರ್ ಕಟ್ಟಿ ಬಾರ್ ಇಲ್ಲದೆ 39 ಕಾಲು. ಬಾರ್ ಹಾಕಿದ ಮೇಲೆ 39. ಅಂದರೆ ಒಂದಿಂಚು ಎದ್ದಿದ್ದರಲ್ಲಿ ಕಾಲು ಇಂಚು ಮಾತ್ರ ವಾಪಸ್ ಇಳಿದಿದೆ.

ಸ್ಟಿಕ್ಕರ್‌ನಲ್ಲಿ ಟಂಗ್‌ಗೆ 600, ಟ್ರೇಲರ್‌ಗೆ 6000 ಪೌಂಡ್ ಅಂತ ಇದೆ. ಟ್ರೇಲರ್ ಬ್ರೋಷರ್‌ನಲ್ಲಿ ಟಂಗ್ ವೇಟ್ 560 ಅಂತ ಇದೆ, ಅದಕ್ಕೇ ಇದು ಸಾಕು ಅಂದಿದ್ದರು. ಮತ್ತೆ ಹೌದು, ನಾಲ್ಕು ಸೈಕಲ್ ಟ್ರೇಲರ್ ಹಿಂದಿನ ಬಂಪರ್ ಮೇಲೆ ರ‍್ಯಾಕ್ ಹಾಕಿ ಕಟ್ಟಿದ್ದೆ. ನೀರಿನ ಟ್ಯಾಂಕ್ ಖಾಲಿ ಇತ್ತು.

ಕ್ಯಾಲ್ಗರಿ_ಅಕ್ಕ

ಬಾಲ ಆಡಿಸಿದ್ದಕ್ಕೆ ಆ ಸೈಕಲ್ಲುಗಳೇ ದೊಡ್ಡ ಕಾರಣ ಅನ್ನಿಸುತ್ತೆ. ಟ್ರೇಲರ್ ಆಕ್ಸಲ್‌ನಿಂದ ಅಷ್ಟು ಹಿಂದೆ ನೂರು ನೂರೈವತ್ತು ಪೌಂಡ್ ನೇತುಹಾಕಿದರೆ ಮುಂದೆ ಟಂಗ್ ವೇಟ್ ಕಡಿಮೆಯಾಗುತ್ತದೆ. ಅದನ್ನು ಟ್ರಕ್ಕಿನ ಹಿಂದಿನ ಬೆಡ್‌ಗೆ ತನ್ನಿ. ಭಾರದ ಸಾಮಾನಿನಲ್ಲಿ ಸುಮಾರು 60 ಪರ್ಸೆಂಟ್ ಟ್ರೇಲರ್ ಮುಂದಿನ ಅರ್ಧದಲ್ಲಿರಲಿ. ಹಿಚ್ಚಿಗೆ ಸ್ವೇ ಕಂಟ್ರೋಲ್ (ಬಾಲ ಆಡಿಸೋದನ್ನು ತಡೆಯುವ ಭಾಗ) ಇದ್ದರೂ ತಪ್ಪು ಲೋಡಿಂಗನ್ನು ಅದು ಸರಿ ಮಾಡಲ್ಲ, ಸ್ವಲ್ಪ ಮುಚ್ಚಿಡುತ್ತೆ ಅಷ್ಟೇ. ಒಂದು ದಿನ ಜೋರು ಗಾಳಿ ಬಂದಾಗ ಬಯಲಾಗುತ್ತೆ.

ಇನ್ನು ಮೂತಿ ವಿಷಯ. ಬ್ರೋಷರ್‌ನ 560 ಖಾಲಿ ಟ್ರೇಲರ್‌ದು. ಅದರಲ್ಲಿ ಸಾಮಾನ್ಯವಾಗಿ ಬ್ಯಾಟರಿ, ಗ್ಯಾಸ್ ಸಿಲಿಂಡರ್ ಸೇರಿರಲ್ಲ, ಅವೆರಡೂ ಕೂರೋದು ಟ್ರೇಲರ್ ಮೂಗಿನ ಮೇಲೇ. ಪಾತ್ರೆ, ಬಟ್ಟೆ, ಅಕ್ಕಿ ಬೇಳೆ ತುಂಬಿದ ಮೇಲೆ 800 ದಾಟಿದರೂ ಆಶ್ಚರ್ಯವಿಲ್ಲ. 600ರ ಬಾರ್‌ಗೆ ಆ ಭಾರ ಎತ್ತೋಕೆ ಆಗಲ್ಲ, ಸುಮ್ನೆ ಬಾಗುತ್ತೆ. ಅದಕ್ಕೇ ಕಾಲು ಇಂಚು ಇಳಿದು ನಿಂತಿದೆ. ನಿಮಗೆ ಬೇಕಿರುವುದು 1000 ಪೌಂಡ್ ಟಂಗ್, 10000 ಪೌಂಡ್ ಟ್ರೇಲರ್ ತಡೆಯುವ ಸೆಟ್. ಟ್ರಕ್ಕಿನ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ) ಮೇಲಿನ ಸ್ಟಿಕ್ಕರ್ ಕೂಡ ನೋಡಿಕೊಳ್ಳಿ, ಈ ಹಿಚ್ ಇದ್ದರೆ ಒಂದು ಮಿತಿ, ಇಲ್ಲದಿದ್ದರೆ ಇನ್ನೊಂದು ಮಿತಿ ಅಂತ ಎರಡೂ ಬರೆದಿರುತ್ತೆ.

ಇನ್ನೆರಡು ಕೊಂಡಿ ಎಳೆಯೋ ಸಲಹೆ ತಪ್ಪು. ಚೈನ್ ತೀರಾ ಗಿಡ್ಡ ಆದರೆ ತಿರುವಿನಲ್ಲಿ ಬಾರ್‌ಗೆ ಆಡೋಕೆ ಜಾಗವೇ ಇರಲ್ಲ. ಬಾರ್‌ನಿಂದ ಮೇಲಿನ ಕೊಕ್ಕೆವರೆಗೆ ಕನಿಷ್ಠ ಐದು ಕೊಂಡಿ ಇರಬೇಕು. ಬಾರ್ ಹೆಚ್ಚು ಕಡಿಮೆ ಟ್ರೇಲರ್ ಫ್ರೇಮಿಗೆ ಸಮಾನಾಂತರವಾಗಿರಬೇಕು, ಚೈನ್ ನೇರ ಕೆಳಗೆ ಬರಬೇಕು. ಜಾಸ್ತಿ ಬಿಗಿ ಬೇಕು ಅಂದರೆ ಮಾಡಬೇಕಾದ್ದು ಹಿಚ್ ತಲೆಯನ್ನು ಟ್ರೇಲರ್ ಕಡೆಗೆ ಇನ್ನಷ್ಟು ಓರೆ ಮಾಡೋದು. ತಲೆ ಒಳಗಿನ ಪಿನ್‌ಗೆ ವಾಷರ್‌ಗಳಿರುತ್ತವೆ, ಒಂದು ವಾಷರ್ ಸೇರಿಸಿದರೆ ಓರೆ ಜಾಸ್ತಿಯಾಗುತ್ತೆ. ಕೆಲವು ಮಾಡೆಲ್‌ಗಳಲ್ಲಿ ವಾಷರ್ ಬದಲು ಹಲ್ಲಿನ ತಟ್ಟೆ ಇರುತ್ತೆ.

ಮೊದಲು ಟ್ರೇಲರ್ ಒಂದನ್ನೇ ಮಟ್ಟವಾಗಿ ನಿಲ್ಲಿಸಿ ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್ ಮೂಗಿನ ತುದಿ) ಎತ್ತರ ಅಳೆಯಿರಿ. ಕಟ್ಟಿದಾಗ ಹಿಂಬದಿ ಸ್ವಲ್ಪ ಕುಸಿಯುವುದರಿಂದ ಬಾಲ್ ಅದಕ್ಕಿಂತ ತುಸು ಮೇಲಿರಲಿ. ಆಮೇಲೆ ತಲೆಯ ಓರೆ. ಚೈನ್ ಕೊನೆಗೆ. ಎಲ್ಲ ಮುಗಿದಾಗ ಟ್ರೇಲರ್ ಮಟ್ಟವಾಗಿರಬೇಕು ಅಥವಾ ಮೂಗು ಕೂದಲೆಳೆಯಷ್ಟು ಕೆಳಗಿರಬೇಕು, ಮೇಲಂತೂ ಇರಲೇಬಾರದು. ಫೆಂಡರ್ ಎಷ್ಟು ವಾಪಸ್ ಇಳಿಯಬೇಕು ಅಂತ ನಿಮ್ಮ ಟ್ರಕ್ಕಿನ ಮ್ಯಾನ್ಯುಯಲ್‌ನಲ್ಲೇ ಇರುತ್ತೆ, ಎದ್ದಿದ್ದರಲ್ಲಿ ಕನಿಷ್ಠ ಅರ್ಧ ಅಂತ ಇಟ್ಟುಕೊಂಡು ಶುರು ಮಾಡಿ. ಆದರೆ 38 ಕಾಲಿಗಿಂತ ಕೆಳಗೆ ಯಾವ ಕಾರಣಕ್ಕೂ ಇಳಿಸಬೇಡಿ. ಮುಂದೆ ಭಾರ ಜಾಸ್ತಿಯಾದರೆ ಹಿಂದಿನ ಚಕ್ರ ಹಗುರಾಗಿ, ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರುತ್ತೆ. ಅದು ಇದಕ್ಕಿಂತ ಅಪಾಯ.

ಮಿನ್ನೆಸೋಟ_ಮಲೆನಾಡಿಗ

ಅಕ್ಕ ಹೇಳಿದ್ದರಲ್ಲಿ ಎಲ್ಲ ಬಂತು. ನಾನು ಕೈ ಕಾಲು ಜೋಪಾನದ ಬಗ್ಗೆ ಮತ್ತು ಆಮೇಲಿನ ನಿಗಾ ಬಗ್ಗೆ ಹೇಳುತ್ತೇನೆ.

ಚೈನ್ ಕೊಕ್ಕೆ ಎತ್ತುವಾಗ ಬರೀ ತೋಳಿನ ಬಲದಲ್ಲಿ ಪೈಪ್ ಒತ್ತಬೇಡಿ. ಮೊದಲ ವರ್ಷ ನಾನು ಹಾಗೇ ಮಾಡುತ್ತಿದ್ದೆ. ಒಂದು ದಿನ ಪೈಪ್ ಜಾರಿ ಕೊಕ್ಕೆ ಪಟ್ಟಂತ ಕೆಳಗೆ ಬಡಿಯಿತು, ಮುಂಗೈಗೆ ಪೆಟ್ಟು ಬಿದ್ದು ಮೂರು ವಾರ ಲೋಟ ಎತ್ತೋಕೂ ಆಗಲಿಲ್ಲ. ಕಪ್ಲರ್ ಬಾಲ್ ಮೇಲೆ ಕೂತು ಲಾಕ್ ಆದ ಮೇಲೆ, ಟ್ರೇಲರ್ ಜ್ಯಾಕ್‌ನಿಂದಲೇ ಮೂಗನ್ನೂ ಟ್ರಕ್ಕಿನ ಹಿಂಬದಿಯನ್ನೂ ಸೇರಿಸಿ ಎತ್ತಿ. ಆಗ ಬಾರ್ ಮೇಲಿನ ಒತ್ತಡ ಹೋಗುತ್ತೆ, ಕೊಕ್ಕೆ ಸಲೀಸಾಗಿ ಮೇಲೆ ಕೂರುತ್ತೆ. ಬಿಚ್ಚುವಾಗಲೂ ಹಾಗೇ. ಯಾವಾಗಲೂ ಪಕ್ಕಕ್ಕೆ ನಿಲ್ಲಿ, ಮುಖ ಆ ಪೈಪಿನ ದಾರಿಯಲ್ಲಿರಬಾರದು. ಕೊಕ್ಕೆಗೆ ಲಾಕ್ ಪಿನ್ ಹಾಕೋದು ಮರೆಯಬೇಡಿ.

ನಟ್ಟುಗಳನ್ನು ಅಂದಾಜಿನಲ್ಲಿ ಬಿಗಿ ಮಾಡಬೇಡಿ. 1 ಕಾಲು ಇಂಚಿನ ಕಾಂಡ ಇರುವ ಬಾಲ್‌ಗೆ ಸಾಮಾನ್ಯವಾಗಿ 450 ಫುಟ್-ಪೌಂಡ್ ಬೇಕು, 1 ಇಂಚಿನದಕ್ಕೆ 250. ಮನೆಯಲ್ಲಿರುವ ಟಾರ್ಕ್ ಪಾನಾ ಅಷ್ಟು ದೂರ ಹೋಗಲ್ಲ. ಲಾರಿ ಟೈರ್ ಅಂಗಡಿಗೆ ತಗೊಂಡು ಹೋದರೆ ಐದು ನಿಮಿಷದ ಕೆಲಸ. ಬಿಗಿ ಮಾಡಿದ ಮೇಲೆ ನಟ್ಟಿನ ಮೇಲಿಂದ ಹಿಚ್ ತಲೆವರೆಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಎರಡಾಗಿ ಸರಿದಿದ್ದರೆ ನಟ್ಟು ಸಡಿಲಾಗಿದೆ ಅಂತ ಬಗ್ಗಿ ನೋಡಿದ ಕೂಡಲೇ ಗೊತ್ತಾಗುತ್ತೆ. ಹೊಸ ಹಿಚ್ಚಿಗೆ ಮೊದಲ 50 ಮೈಲಿ ಆದ ಮೇಲೆ ಒಮ್ಮೆ ಎಲ್ಲ ಬೋಲ್ಟ್ ನೋಡಲೇಬೇಕು.

ಗ್ರೀಸ್ ಬಾಲ್‌ಗೆ ಮತ್ತು ಬಾರ್ ತುದಿ ತಲೆಯೊಳಗೆ ಕೂರುವ ಗೂಡಿಗೆ. ತೆಳ್ಳಗೆ ಸಾಕು. ಹಳೆಯದನ್ನು ಒರೆಸದೆ ಮೇಲೆ ಹೊಸದು ಹಾಕಬೇಡಿ. ಹಳೇ ಗ್ರೀಸ್‌ನಲ್ಲಿ ಮರಳು ಸೇರಿರುತ್ತೆ, ಬೆರಳಲ್ಲಿ ಉಜ್ಜಿದರೆ ರವೆ ಮುಟ್ಟಿದ ಹಾಗಿರುತ್ತೆ, ಅದೇ ಲೋಹವನ್ನು ತಿನ್ನೋದು. ಆದರೆ ಪಕ್ಕದಲ್ಲಿ ಫ್ರಿಕ್ಷನ್ ಸ್ವೇ ಬಾರ್ ಇದ್ದರೆ ಅದಕ್ಕೆ ಎಣ್ಣೆ, ಗ್ರೀಸ್ ಒಂದು ಹನಿಯೂ ತಾಗಬಾರದು. ಅದು ಕೆಲಸ ಮಾಡೋದೇ ಉಜ್ಜಾಟದಿಂದ. ರಿವರ್ಸ್‌ನಲ್ಲಿ ಜಾಸ್ತಿ ತಿರುಗಿಸುವ ಮೊದಲು ಅದನ್ನು ಬಿಚ್ಚಿಡಬೇಕು, ಇಲ್ಲಾಂದರೆ ಬಾಗುತ್ತೆ.

ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಸೀಸನ್ ಮುಗಿದ ತಕ್ಷಣ ಹಿಚ್ ಬಿಚ್ಚಿ ಗರಾಜ್‌ಗೆ ತಂದು ತೊಳೆದು ಒಣಗಿಸಿ ಇಡುತ್ತೇನೆ. ವಸಂತದಲ್ಲಿ ವೈರ್ ಬ್ರಷ್ ಹಿಡಿದು ವೆಲ್ಡಿಂಗ್ ಜಾಗಗಳನ್ನು ಉಜ್ಜಿ ಟಾರ್ಚ್ ಹಾಕಿ ನೋಡುತ್ತೇನೆ. ಸಣ್ಣ ಗೆರೆಯಲ್ಲಿ ತುಕ್ಕು ಇಳಿದು ಬಂದಿದ್ದರೆ ಅಲ್ಲಿ ಬಿರುಕಿದೆ ಅಂತ ಅನುಮಾನ ಪಡಬೇಕು. ಅಂಥದ್ದಕ್ಕೆ ಮತ್ತೆ ವೆಲ್ಡ್ ಮಾಡಿಸಬೇಡಿ, ಆ ಭಾಗವನ್ನೇ ಬದಲಾಯಿಸಿ. ಚೈನ್ ಕೊಂಡಿ ಸವೆದು ತೆಳ್ಳಗಾಗಿದ್ದರೂ ಅಷ್ಟೇ.

ಮಂಡ್ಯ_ಟು_ಹ್ಯೂಸ್ಟನ್

ಇನ್ನೊಂದು ಮಾತು. ಎಂದಾದರೂ ಬಾಲ ಆಡಿಸೋಕೆ ಶುರು ಮಾಡಿದರೆ ಟ್ರಕ್ ಬ್ರೇಕ್ ಮೇಲೆ ಕಾಲಿಡಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಬ್ರೇಕ್ ಕಂಟ್ರೋಲರ್‌ನ ಕೈ ಸ್ವಿಚ್ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಆ ಸ್ವಿಚ್ ಎಲ್ಲಿದೆ ಅಂತ ನಿಮ್ಮ ಮನೆಯವರಿಗೂ ತೋರಿಸಿಡಿ. ಹೊಸ ಬಾರ್ ಬಂದ ಮೇಲೆ ಒಂದು ಸಲ ತೂಕ ಹಾಕಿಸಿ ಸರ್. ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್, ಮೂರರ ತೂಕವೂ ಬೇರೆ ಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತೆ. ಫೆಂಡರ್ ಅಳತೆ ಅಂದಾಜು, ಅದು ಲೆಕ್ಕ.

ಪ್ಲೇನೋ_ಪಯಣಿಗ

ಎರಡು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಎಲ್ಲರಿಗೂ ಮೊದಲು ಮನಸಾರೆ ಥ್ಯಾಂಕ್ಸ್.

1000 ಪೌಂಡ್ ಸೆಟ್ ನಾನೇ ತರಿಸಿದೆ. ಮಾರಿದವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಅದಕ್ಕೆ ಬೇಜಾರಾಯಿತು, ಆದರೆ ಅದರ ಹಿಂದೆ ಓಡಾಡೋಕೆ ಮನಸ್ಸಾಗಲಿಲ್ಲ. ಶನಿವಾರ ಪೂರ್ತಿ ಡ್ರೈವ್‌ವೇನಲ್ಲಿ ಕೂತೆ. ಮಗಳು ಟೇಪ್ ಹಿಡಿದಳು, ನಾನು ಪಾನಾ ಹಿಡಿದೆ. ಬಾಲ್ ಒಂದು ತೂತು ಮೇಲೆ ಹೋಯಿತು. ತಲೆಗೆ ಮೊದಲು ನಾಲ್ಕು ವಾಷರ್ ಹಾಕಿದೆ, ಸಾಲಲಿಲ್ಲ, ಐದಕ್ಕೆ ಸರಿಯಾಯಿತು. ಈಗ ಫೆಂಡರ್ 38 ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಸೈಕಲ್ಲುಗಳು ಟ್ರಕ್ ಬೆಡ್‌ಗೆ ಬಂದವು.

ನಾಲ್ಕೂ ಜನ ಕೂತು, ಸಾಮಾನು ಪೂರ್ತಿ ತುಂಬಿ ಕ್ಯಾಟ್ ಸ್ಕೇಲ್‌ಗೆ ಹೋದೆವು. ಟ್ರಕ್ ಒಂದೇ ಇದ್ದಾಗ ಮುಂದೆ 3260, ಹಿಂದೆ 2620 ಪೌಂಡ್. ಟ್ರೇಲರ್ ಕಟ್ಟಿ ಬಾರ್ ಇಲ್ಲದೆ ಮುಂದೆ 2900, ಹಿಂದೆ 3820, ಟ್ರೇಲರ್ ಆಕ್ಸಲ್ 5680. ಬಾರ್ ಹಾಕಿದ ಮೇಲೆ 3140, 3460, 5800. ಕೂಡಿ ಕಳೆದು ನೋಡಿದರೆ ಟ್ರೇಲರ್ ತೂಕ 6520, ಟಂಗ್ ವೇಟ್ 840. ಸುಮಾರು 13 ಪರ್ಸೆಂಟ್. ಬ್ರೋಷರ್‌ನ 560 ಎಲ್ಲಿ, ಈ 840 ಎಲ್ಲಿ! ಬಾಗಿಲ ಕಂಬದ ಸ್ಟಿಕ್ಕರ್ ಪ್ರಕಾರ ನನ್ನ ಟ್ರಕ್ಕಿನ ಹಿಂದಿನ ಆಕ್ಸಲ್ ಮಿತಿ 3800. ಅಂದರೆ ಬಾರ್ ಇಲ್ಲದೆ ನಾನು ಮಿತಿ ದಾಟಿಯೇ ಬಿಟ್ಟಿದ್ದೆ. ಮುಂದಿನ ಆಕ್ಸಲ್ ಕಳೆದುಕೊಂಡ 360ರಲ್ಲಿ 240 ವಾಪಸ್ ಬಂದಿದೆ. ಟ್ರಕ್ಕಿನ ಒಟ್ಟು ಮಿತಿ 7000, ಈಗ 6600 ಇದೆ. ಆ ಚೀಟಿಗಳನ್ನು ಗ್ಲೋವ್ ಬಾಕ್ಸ್‌ನಲ್ಲೇ ಇಟ್ಟಿದ್ದೇನೆ.

ಭಾನುವಾರ 287ರಲ್ಲೇ ಡಿಕೇಟರ್‌ವರೆಗೆ ಹೋಗಿ ಬಂದೆವು. ಬೇಕೆಂದೇ ಗಾಳಿ ಇದ್ದ ದಿನ ಹೋದೆ, 60 ಮೈಲಿ ವೇಗ ದಾಟಲಿಲ್ಲ. ಲಾರಿ ಹಾದುಹೋದಾಗ ಒಂದು ಸಲ ನೂಕಿದ್ದು ಗೊತ್ತಾಗುತ್ತೆ, ಅಲ್ಲಿಗೇ ನಿಂತುಹೋಗುತ್ತೆ. ಸ್ಟೀರಿಂಗ್‌ಗೆ ಭಾರ ಬಂದಿದೆ. ಅಲ್ಲೇ ಗ್ಯಾಸ್ ಸ್ಟೇಷನ್‌ನಲ್ಲಿ ಬಗ್ಗಿ ಪೇಂಟ್ ಗೆರೆ ನೋಡಿದೆ. ಬಾಲ್ ನಟ್ಟಿನ ಗೆರೆ ಹಾಗೇ ಇದೆ, ಆದರೆ ಶ್ಯಾಂಕಿನ (ರಿಸೀವರ್ ಒಳಗೆ ಹೋಗುವ ಕಂಬಿಯ) ಕೆಳಗಿನ ಬೋಲ್ಟ್‌ದು ಒಂದು ಕೂದಲಷ್ಟು ಸರಿದಿತ್ತು. ಆ ಬೋಲ್ಟ್ ನಾನೇ ಮನೆಯಲ್ಲಿ ಬಿಗಿ ಮಾಡಿದ್ದು.

ಮಿನ್ನೆಸೋಟ_ಮಲೆನಾಡಿಗ

ಹಾಗಾದರೆ ಅದನ್ನೂ ಟೈರ್ ಅಂಗಡಿಯಲ್ಲೇ ಬಿಗಿ ಮಾಡಿಸಿ, ಹಳೇ ಗೆರೆ ಥಿನ್ನರ್‌ನಲ್ಲಿ ಅಳಿಸಿ ಹೊಸ ಗೆರೆ ಎಳೆಯಿರಿ. ಎರಡು ಗೆರೆ ಇದ್ದರೆ ಮುಂದೆ ಯಾವುದು ಸರಿ ಅಂತ ಗೊತ್ತಾಗಲ್ಲ. ಹೊಸ ಹಿಚ್‌ನಲ್ಲಿ ಪೇಂಟ್ ಪದರ ಒತ್ತಿ ಕೂರುವಾಗ ಒಂದು ಸಲ ಹೀಗಾಗುತ್ತೆ. ಇನ್ನೊಂದು 50 ಮೈಲಿ ಓಡಿಸಿ ಮತ್ತೆ ಬಗ್ಗಿ ನೋಡಿ. ಎರಡನೇ ಸಲವೂ ಸರಿದಿದ್ದರೆ ಬೋಲ್ಟ್ ಬಿಚ್ಚಿ ತೂತು ಅಗಲ ಆಗಿದೆಯಾ ನೋಡಬೇಕು, ಆಗ ಫೋಟೋ ಹಾಕಿ.