ಫೋಟೋದಲ್ಲಿ ಸೂರಕ್ಕಿ ಕೊರಳು ಬರೀ ಕಪ್ಪು ಬರುತ್ತಿದೆ, ಏನು ಮಾಡಲಿ?

ಹಿತ್ತಲಿನ ದಾಸವಾಳಕ್ಕೆ ದಿನಾ ಬೆಳಿಗ್ಗೆ ಸೂರಕ್ಕಿ ಬರುತ್ತದೆ. ನನ್ನ ಹತ್ತಿರ 70-300 ಲೆನ್ಸ್ ಇದೆ. ಫೋಟೋ ಒಂದೋ ಮಸುಕು, ಇಲ್ಲಾ ಕೊರಳೆಲ್ಲ ಕಪ್ಪು. ಎಡಿಟ್ ಮಾಡಿ ಬೆಳಕು ಹೆಚ್ಚಿಸಿದರೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ನೀವೆಲ್ಲ ಹೇಗೆ ತೆಗೆಯುತ್ತೀರಿ?

— ಕೊರಳಿನ ಕಪ್ಪನ್ನು ಎಡಿಟ್‌ನಲ್ಲಿ ತೆಗೆಯೋಕಾಗಲ್ಲ, ನಾನು ಒಂದು ವರ್ಷ ಶ್ಯಾಡೋ ಸ್ಲೈಡರ್ (ಕತ್ತಲ ಭಾಗವನ್ನು ಬೆಳಗಿಸುವ ಪಟ್ಟಿ) ಎಳೆದು ಎಳೆದು ಕಲಿತದ್ದು ಇದೊಂದೇ. ಕೊರಳಿನ ಆ ನೇರಳೆ ಹೊಳಪು ಹಚ್ಚಿದ ಬಣ್ಣದಂತಲ್ಲ, ಗರಿಯ ರಚನೆಗೆ ಬೆಳಕು ಬಿದ್ದು ವಾಪಸ್ ಬರುವಾಗ ಹುಟ್ಟುವಂಥದ್ದು, ಹಾಗಾಗಿ ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಬರಬೇಕು, ಹಕ್ಕಿಯೂ ಸ್ವಲ್ಪ ನಿಮ್ಮ ಕಡೆ ತಿರುಗಬೇಕು. ನಾನು ದಾಸವಾಳದ ಕುಂಡವನ್ನೇ ಸರಿಸಿದೆ. ಆಮೇಲೆ ಸುಮ್ನೆ ಕುರ್ಚಿ ಹಾಕಿ ಕೂತೆ. ಅದರ ಹಿಂದೆ ಓಡಬೇಡಿ, ಅದೇ ಹೂವಿಗೆ ಮತ್ತೆ ಬರುತ್ತದೆ.

— ಮಸುಕಿಗೆ ಶಟರ್ ನಿಧಾನ ಇರುವುದೇ ಕಾರಣ ಇರಬೇಕು. 1/250 ಸೆಕೆಂಡಿನಲ್ಲಿ 10 ಸೆಂಟಿಮೀಟರ್ ಕೂಡ ಇಲ್ಲದ ಹಕ್ಕಿ ನಿಲ್ಲುತ್ತದಾ? ನಾನು 1/1600 ಇಟ್ಟು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರವರೆಗೆ ಬಿಡುತ್ತೇನೆ. ರವೆ ಬಂದರೆ ಬರಲಿ, ಅದನ್ನು ಕಡಿಮೆ ಮಾಡಬಹುದು, ಅಲುಗಾಡಿದ್ದನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಸರಿ ಮಾಡಲ್ಲ. ಫೋಕಸ್ ಕಣ್ಣಿನ ಮೇಲೆ.

— ಎಡಿಟ್ ಬಗ್ಗೆ: ರಾ (RAW, ಕ್ಯಾಮೆರಾ ಸಂಸ್ಕರಿಸದ ಫೈಲ್) ಫಾರ್ಮ್ಯಾಟ್‌ನಲ್ಲಿ ತೆಗೆಯಿರಿ. ನಾಯ್ಸ್ (ಅದೇ ರವೆ) ತೆಗೆಯುವುದು ಹಿನ್ನೆಲೆಗೆ ಜಾಸ್ತಿ, ಹಕ್ಕಿಗೆ ಕಡಿಮೆ. ಶಾರ್ಪ್ ಮಾಡುವುದು ಹಕ್ಕಿಗೆ ಮಾತ್ರ, ಇಡೀ ಚಿತ್ರಕ್ಕೆ ಮಾಡಿದರೆ ಆ ರವೆಯನ್ನೇ ಕೆರಳಿಸಿದ ಹಾಗೆ. ಮಡಿವಾಳ ಹಕ್ಕಿಗೆ ಇದು ಉಲ್ಟಾ ಕಥೆ, ಎಕ್ಸ್‌ಪೋಷರ್ ಸ್ವಲ್ಪ ಇಳಿಸದಿದ್ದರೆ ಬಿಸಿಲಿಗೆ ಹೊಟ್ಟೆಯ ಬಿಳಿ ಸುಣ್ಣ ಬಳಿದ ಹಾಗೆ ಆಗಿ ಗರಿಯೇ ಕಾಣಲ್ಲ.

— ಗೂಡು ಕಂಡರೆ ದಯವಿಟ್ಟು ದೂರ ಇರಿ. ಫೋಟೋಗೆ ಅಡ್ಡ ಅಂತ ನಿಂಬೆ ಗಿಡದ ಒಂದು ಕೊಂಬೆಯನ್ನು ಪಕ್ಕಕ್ಕೆ ಕಟ್ಟಿದ್ದೆ. ಮಾರನೇ ದಿನ ಕೆಂಬೂತ ಬಂದು ಮರಿಗಳನ್ನು ತಿಂದಿತ್ತು. ಆ ಫೋಟೋ ಇನ್ನೂ ಕಾರ್ಡ್‌ನಲ್ಲೇ ಇದೆ, ಎಡಿಟ್ ಮಾಡಿಲ್ಲ.

— ಎಲ್ಲರಿಗೂ ಥ್ಯಾಂಕ್ಸ್. ನಮ್ಮ ದಾಸವಾಳ ನೆಲದಲ್ಲಿದೆ, ಸರಿಸೋಕಾಗಲ್ಲ. ನಾನು ಅಡುಗೆಮನೆ ಕಿಟಕಿಯಿಂದ ಪೂರ್ವಕ್ಕೆ ಮುಖ ಮಾಡಿ ತೆಗೆಯುತ್ತಿದ್ದೆ, ಈಗ ಅರ್ಥವಾಯಿತು. ನಾಳೆ ಬಾವಿ ಕಟ್ಟೆ ಕಡೆಯಿಂದ ನೋಡುತ್ತೇನೆ, ಅಲ್ಲಿ ಸೊಳ್ಳೆ ಜಾಸ್ತಿ.